ಜರ್ಮನಿಯ ಸೋಲಾರ್ ದುಡ್ಡು: ಸರ್ಕಾರ ಕೊಟ್ಟದ್ದನ್ನು ಬ್ರಸೆಲ್ಸ್ ವಾಪಸ್ ಕೇಳುತ್ತದಾ?

ಪ್ರಶ್ನೆ: ನಾನು ಹಾಸನದ ಕಡೆಯವನು. ಈಗ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ನೆಲೆಸಿದ್ದೇನೆ. ಮನೆ ಚಾವಣಿಗೆ ಸೋಲಾರ್ ಹಾಕಿಸಿದ್ದೇನೆ, ಗ್ರಿಡ್‌ಗೆ ಬಿಟ್ಟ ಪ್ರತಿ ಯೂನಿಟ್‌ಗೆ ಸುಮಾರು 8 ಸೆಂಟ್ ಬರುತ್ತಿದೆ. ಊರಿನವರು ಸೇರಿ ಒಂದು ಸಂಘ ಕಟ್ಟಿ ಗಾಳಿಯಂತ್ರ ಹಾಕಲು ಹೊರಟಿದ್ದಾರೆ, ನನ್ನನ್ನೂ ಷೇರು ಹಾಕಿ ಎನ್ನುತ್ತಿದ್ದಾರೆ. ಆದರೆ ಸಹೋದ್ಯೋಗಿಯೊಬ್ಬರು, ‘ಯುರೋಪಿಯನ್ ಒಕ್ಕೂಟದಲ್ಲಿ ಸರ್ಕಾರ ಉದ್ಯಮಗಳಿಗೆ ಸಬ್ಸಿಡಿ ಕೊಡುವಂತಿಲ್ಲ, ಕೊಟ್ಟರೂ ಬಡ್ಡಿ ಸಮೇತ ಕಿತ್ತುಕೊಳ್ಳುತ್ತಾರೆ’ ಎಂದು ಹೆದರಿಸಿದ್ದಾರೆ. ಇದು ನಿಜವಾ? ನಮ್ಮ ದೇಶದಲ್ಲೂ ಇಂಥ ನಿಯಮ ಇದೆಯಾ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಅರ್ಧ ನಿಜ. ಚಾವಣಿಯ 8 ಸೆಂಟ್ ಬಗ್ಗೆ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಸಂಘದ ಗಾಳಿಯಂತ್ರಕ್ಕೆ ದುಡ್ಡು ಹಾಕುವ ಮೊದಲು ಮಾತ್ರ ಎರಡು ಮೂರು ಕಾಗದ ಕೇಳಿ ನೋಡಿ. ಯಾವ ಕಾಗದ, ಯಾಕೆ ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯುರೋಪಿಯನ್ ಒಕ್ಕೂಟದ ಮೂಲ ಒಪ್ಪಂದದಲ್ಲಿ 107ನೇ ವಿಧಿ ಅಂತ ಒಂದಿದೆ. ಸ್ಟೇಟ್ ಏಡ್ ನಿಯಮ ಎಂದು ಎಲ್ಲರೂ ಹೇಳುವುದು ಇದನ್ನೇ. ಸದಸ್ಯ ದೇಶದ ಸರ್ಕಾರ ತನ್ನ ಹಣದಿಂದ ಕೆಲವೇ ಉದ್ಯಮಗಳಿಗೆ ಅನುಕೂಲ ಮಾಡಿಕೊಟ್ಟು, ಅದರಿಂದ ಪೈಪೋಟಿ ಕೆಟ್ಟು, ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಪೆಟ್ಟು ಬೀಳುವಂತಿದ್ದರೆ ಅದು ನಿಷಿದ್ಧ. ಈ ಅಂಶಗಳೆಲ್ಲ ಒಟ್ಟಿಗೆ ಇರಬೇಕು, ಒಂದು ತಪ್ಪಿದರೂ ಅದು ಸ್ಟೇಟ್ ಏಡ್ ಅಲ್ಲ. ಅದೇ ವಿಧಿಯ ಮುಂದಿನ ಭಾಗದಲ್ಲಿ ವಿನಾಯಿತಿಗಳಿವೆ. ಪರಿಸರಕ್ಕೆ ಒಳ್ಳೆಯದಾಗುವ ನೆರವು, ಹಿಂದುಳಿದ ಪ್ರದೇಶಕ್ಕೆ ನೆರವು, ಹೀಗೆ. ವಿನಾಯಿತಿ ಬೇಕಾದರೆ 108ನೇ ವಿಧಿಯ ಪ್ರಕಾರ ಸಾಮಾನ್ಯವಾಗಿ ಮೊದಲು ಬ್ರಸೆಲ್ಸ್‌ನ ಯುರೋಪಿಯನ್ ಆಯೋಗಕ್ಕೆ (ಒಕ್ಕೂಟದ ಆಡಳಿತ ಸಂಸ್ಥೆ) ತಿಳಿಸಬೇಕು, ಒಪ್ಪಿಗೆ ಬರುವ ತನಕ ಒಂದು ಪೈಸೆ ಕೊಡುವಂತಿಲ್ಲ. ಮೊದಲು ಕೊಟ್ಟು ಆಮೇಲೆ ಹೇಳೋಣ ಎಂದರೆ, ಯೋಜನೆ ಎಷ್ಟೇ ಒಳ್ಳೆಯದಿರಲಿ, ಅದು ಅಕ್ರಮ ನೆರವು.

ಹಾಗಾಗಿ ಇಲ್ಲಿ ಕೇಳುವ ಮೊದಲ ಪ್ರಶ್ನೆ ‘ಇದು ಹಸಿರು ವಿದ್ಯುತ್ತಾ?’ ಎಂಬುದಲ್ಲ. ‘ದುಡ್ಡು ಯಾರದ್ದು, ಯಾರ ಕೈಯಿಂದ ಯಾರ ಕೈಗೆ ಹೋಯಿತು?’ ಎಂಬುದು. ಕಳೆದ ಇಪ್ಪತ್ತೈದು ವರ್ಷದ ದೊಡ್ಡ ಕೇಸುಗಳೆಲ್ಲ ಸುತ್ತುವುದು ಇದರ ಸುತ್ತಲೇ.

ಮೊದಲನೆಯದು ನಿಮ್ಮ ಜರ್ಮನಿಯದೇ. 1990ರಲ್ಲಿ ಅಲ್ಲಿ ಒಂದು ಪುಟ್ಟ ಕಾನೂನು ಬಂತು. ನಿಮ್ಮ ಪ್ರದೇಶದಲ್ಲಿ ಯಾರಾದರೂ ಗಾಳಿಯಿಂದಲೋ ಬಿಸಿಲಿನಿಂದಲೋ ವಿದ್ಯುತ್ ತಯಾರಿಸಿದರೆ, ಅಲ್ಲಿನ ವಿದ್ಯುತ್ ಕಂಪನಿ ಅದನ್ನು ಕಾನೂನು ಹೇಳಿದ ಕನಿಷ್ಠ ದರಕ್ಕೆ ಕೊಳ್ಳಲೇಬೇಕು. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಕಡಲ ಗಾಳಿಯ ಸೀಮೆ. ಅಲ್ಲಿ ವಿದ್ಯುತ್ ಹಂಚುತ್ತಿದ್ದ ಶ್ಲೆಸ್ವಾಗ್ ಕಂಪನಿಗೆ ಇದರಿಂದ ಆದ ಹೆಚ್ಚುವರಿ ಖರ್ಚು 1991ರಲ್ಲಿ 58 ಲಕ್ಷ ಮಾರ್ಕ್ (ಆಗಿನ ಜರ್ಮನ್ ಹಣ). 1998ಕ್ಕೆ ಅದು 11 ಕೋಟಿ ಮಾರ್ಕ್ ದಾಟಿತು. ಗಾಳಿ ವಿದ್ಯುತ್ತಿನ ಪಾಲು ಒಂದು ಮಿತಿ ಮೀರಿದರೆ ಮೇಲಿನ ಗ್ರಿಡ್ ಕಂಪನಿ ಆ ಹೊರೆ ಹೊರಬೇಕು ಎಂದು ಕಾನೂನಿನಲ್ಲಿ ಇತ್ತು. ಆ ಮೇಲಿನ ಕಂಪನಿ ಪ್ರಾಯ್ಸನ್ ಎಲೆಕ್ಟ್ರಾ. ಅಣುಸ್ಥಾವರಗಳನ್ನೂ ನಡೆಸುತ್ತಿದ್ದ ದೈತ್ಯ ಕಂಪನಿ ಅದು. ‘ಇದು ಬ್ರಸೆಲ್ಸ್ ಒಪ್ಪಿಗೆ ಇಲ್ಲದ ಸ್ಟೇಟ್ ಏಡ್, ನಾನು ಯಾಕೆ ಕೊಡಲಿ?’ ಎಂದು ಕೀಲ್ ಪಟ್ಟಣದ ಕೋರ್ಟಿಗೆ ಹೋಯಿತು. ಒಂದು ತಮಾಷೆ ನೋಡಿ: ಶ್ಲೆಸ್ವಾಗ್‌ನ ಹೆಚ್ಚಿನ ಷೇರು ಇದ್ದದ್ದು ಪ್ರಾಯ್ಸನ್ ಎಲೆಕ್ಟ್ರಾ ಕೈಯಲ್ಲೇ. ಅಂದರೆ ಯಜಮಾನ ಮತ್ತು ಅವನದೇ ಕಂಪನಿ ನಡುವಿನ ಜಗಳ. ಗುರಿ ಕಾನೂನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಲಕ್ಸೆಂಬರ್ಗ್‌ನ ಯುರೋಪಿಯನ್ ಕೋರ್ಟ್ 2001ರ ಮಾರ್ಚ್ 13ರಂದು ತೀರ್ಪು ಕೊಟ್ಟಿತು. ಗಾಳಿಯಂತ್ರದವರಿಗೆ ಅನುಕೂಲ ಆಗಿದೆ, ನಿಜ. ಕಾನೂನು ಮಾಡಿದ್ದು ಸರ್ಕಾರ, ಅದೂ ನಿಜ. ಆದರೆ ದುಡ್ಡು ಹೋಗಿದ್ದು ಖಾಸಗಿ ಕಂಪನಿಯ ಜೇಬಿನಿಂದ ಖಾಸಗಿ ಉತ್ಪಾದಕನ ಜೇಬಿಗೆ. ಸರ್ಕಾರದ ಖಜಾನೆ ಮುಟ್ಟಿಯೇ ಇಲ್ಲ. ಆದ್ದರಿಂದ ಸ್ಟೇಟ್ ಏಡ್ ಅಲ್ಲ. ಜರ್ಮನಿಯ ಹಸಿರು ವಿದ್ಯುತ್ ಓಟಕ್ಕೆ ಈ ತೀರ್ಪು ದಾರಿ ಬಿಟ್ಟುಕೊಟ್ಟಿತು.

ಅದೇ ತರ್ಕ ಫ್ರಾನ್ಸಿಗೆ ಉಲ್ಟಾ ಹೊಡೆಯಿತು. ಅಲ್ಲಿ ಗಾಳಿ ವಿದ್ಯುತ್ತಿಗೆ ಕೊಡುವ ಹೆಚ್ಚಿನ ದರದ ಹೊರೆಯನ್ನು ತುಂಬಲು ಪ್ರತಿ ಗ್ರಾಹಕನ ಬಿಲ್ಲಿನಲ್ಲೂ ಒಂದು ಸೆಸ್ ಹಾಕುತ್ತಿದ್ದರು. ಆ ಹಣ ಸರ್ಕಾರಿ ಹಣಕಾಸು ಸಂಸ್ಥೆಯೊಂದರ ಮೂಲಕ ಹಾದು ವಿದ್ಯುತ್ ಕಂಪನಿಗೆ ಹೋಗುತ್ತಿತ್ತು. ಗಾಳಿಯಂತ್ರ ಬೇಡವೆನ್ನುವ ‘ವಾನ್ ದ ಕೊಲೇರ್’ ಎಂಬ ಸಂಘಟನೆ ಇದನ್ನೇ ಹಿಡಿದುಕೊಂಡಿತು. ಅವರಿಗೆ ಪೈಪೋಟಿ ಕಾನೂನಿನ ಮೇಲೆ ಪ್ರೀತಿ ಉಕ್ಕಿ ಬಂದಿರಲಿಲ್ಲ, ಗುಡ್ಡದ ಮೇಲೆ ಯಂತ್ರ ಬರಬಾರದು ಅಷ್ಟೇ. 2013ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಕೋರ್ಟ್ ಅವರ ವಾದ ಒಪ್ಪಿತು. ಕಾನೂನಿನಿಂದ ಕಡ್ಡಾಯವಾಗಿ ವಸೂಲಿ ಮಾಡಿ, ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆಯ ಮೂಲಕ ಹಂಚಿದರೆ ಅದು ಸರ್ಕಾರದ್ದೇ ಹಣ. ಮರುವರ್ಷದ ಮಾರ್ಚ್‌ನಲ್ಲಿ ಆಯೋಗ ಆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದರೂ ಮೇ ತಿಂಗಳಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಹಳೆಯ 2008ರ ದರದ ಆದೇಶವನ್ನು ರದ್ದು ಮಾಡಿತು. ಕಾರಣ ಒಂದೇ, ಆ ಆದೇಶ ಹೊರಟಾಗ ಬ್ರಸೆಲ್ಸ್‌ಗೆ ತಿಳಿಸಿರಲಿಲ್ಲ.

ಫ್ರಾನ್ಸಿನದೇ ಇನ್ನೊಂದು ಕಥೆ ಹೇಳಲೇಬೇಕು. ನಿಮ್ಮ ಭಯಕ್ಕೆ ನಿಜವಾದ ಆಧಾರ ಇರುವುದು ಇದರಲ್ಲಿ. 2010ರ ಡಿಸೆಂಬರ್‌ನಲ್ಲಿ ಸೋಲಾರ್ ದರದ ಹೊರೆ ಕೈಮೀರುತ್ತಿದೆ ಎಂದು ಅಲ್ಲಿನ ಸರ್ಕಾರ 3 ಕಿಲೋವ್ಯಾಟ್‌ಗಿಂತ ದೊಡ್ಡ ಹೊಸ ಘಟಕಗಳಿಗೆ ಮೂರು ತಿಂಗಳು ತಡೆ ಹಾಕಿತು. ತಡೆ ತೆಗೆದ ಮೇಲೆ ಬಂದದ್ದು ತೀರಾ ಕಡಿಮೆ ದರ. ಆಗಲೇ ಅರ್ಜಿ ಹಾಕಿ ಕಾಯುತ್ತಿದ್ದ ಎಷ್ಟೋ ಜನ ಮಧ್ಯದಲ್ಲಿ ಸಿಕ್ಕಿಕೊಂಡರು. ಗ್ರಿಡ್ ಕಂಪನಿ ಮೂರು ತಿಂಗಳೊಳಗೆ ಸಂಪರ್ಕದ ಪ್ರಸ್ತಾವ ಕಳಿಸಬೇಕಿತ್ತು, ಹಲವರಿಗೆ ಗಡುವಿನೊಳಗೆ ಕಳಿಸಲಿಲ್ಲ. ‘ನಿಮ್ಮ ತಡದಿಂದ ನಮಗೆ ಹಳೇ ದರ ತಪ್ಪಿತು, ನಷ್ಟ ತುಂಬಿಕೊಡಿ’ ಎಂದು ಅವರು ಕೇಸು ಹಾಕಿದರು. ತಪ್ಪು ಗ್ರಿಡ್ ಕಂಪನಿಯದು ಎಂಬುದರಲ್ಲಿ ಹೆಚ್ಚು ತಕರಾರು ಇರಲಿಲ್ಲ. ಆಗ ಗ್ರಿಡ್ ಕಂಪನಿಗೆ ವಿಮೆ ಕೊಟ್ಟಿದ್ದ ಇನ್ಶೂರೆನ್ಸ್ ಕಂಪನಿಯ ವಕೀಲರು ಬೇರೆಯೇ ದಾಳ ಉರುಳಿಸಿದರು. ಆ ಹಳೇ ದರವೇ ಬ್ರಸೆಲ್ಸ್‌ಗೆ ತಿಳಿಸದೆ ಕೊಟ್ಟ ಅಕ್ರಮ ನೆರವು, ಅಕ್ರಮವಾಗಿ ಸಿಗಬೇಕಿದ್ದ ಲಾಭ ತಪ್ಪಿದರೆ ಅದಕ್ಕೆ ಪರಿಹಾರ ಹೇಗೆ ಕೇಳುತ್ತೀರಿ ಎಂದರು. 2019ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಿತು. ಪರಿಹಾರ ಇಲ್ಲ.

ತಿಳಿಸದೆ ಇದ್ದದ್ದು ಸರ್ಕಾರ. ತಡ ಮಾಡಿದ್ದು ಗ್ರಿಡ್ ಕಂಪನಿ. ಕೈಸುಟ್ಟುಕೊಂಡವರು ಚಾವಣಿಗೆ, ಕೊಟ್ಟಿಗೆಗೆ ಪ್ಯಾನಲ್ ಹಾಕಲು ಹೊರಟ ಸಣ್ಣಪುಟ್ಟ ಜನ. ಸ್ಟೇಟ್ ಏಡ್ ಕಾನೂನಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ನಿಯಮ ಸರ್ಕಾರಕ್ಕೆ, ಶಿಕ್ಷೆ ಪಡೆದುಕೊಂಡವನಿಗೆ. ಅಕ್ರಮ ನೆರವನ್ನು ಹತ್ತು ವರ್ಷದ ತನಕ ಬಡ್ಡಿ ಸಮೇತ ವಸೂಲಿ ಮಾಡಲು ಆಯೋಗಕ್ಕೆ ಅಧಿಕಾರ ಇದೆ. ‘ಸರ್ಕಾರವೇ ಕೊಟ್ಟಿದ್ದು, ನನಗೇನು ಗೊತ್ತು?’ ಎಂದರೆ ಕೋರ್ಟ್ ಸಾಮಾನ್ಯವಾಗಿ ಕೇಳುವುದಿಲ್ಲ. ಎಚ್ಚರ ಇರುವ ವ್ಯಾಪಾರಿ ಒಪ್ಪಿಗೆ ಇದೆಯಾ ಎಂದು ವಿಚಾರಿಸಿಕೊಳ್ಳಬೇಕಿತ್ತು ಅನ್ನುತ್ತದೆ. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ನಿಜ ಇರುವ ಅರ್ಧ ಇದು.

ಇನ್ನು ಜರ್ಮನಿಗೆ ಬರೋಣ. 2000ದಲ್ಲಿ ಹಳೇ ಕಾನೂನಿನ ಜಾಗಕ್ಕೆ ಇ.ಇ.ಜಿ. ಎಂಬ ಹೊಸ ಕಾನೂನು ಬಂತು. ನಿಮ್ಮ 8 ಸೆಂಟ್ ಬರುವುದು ಇದರ ಅಡಿಯಲ್ಲೇ. ಬಹಳ ವರ್ಷ ಇದರ ಖರ್ಚು ಗ್ರಾಹಕರ ಬಿಲ್ಲಿನ ಸರ್ಚಾರ್ಜ್‌ನಿಂದ ಬರುತ್ತಿತ್ತು, 2014ರಲ್ಲಿ ಯೂನಿಟ್‌ಗೆ 6.24 ಸೆಂಟ್ ಇತ್ತು. ದೊಡ್ಡ ಕಾರ್ಖಾನೆಗಳಿಗೆ ಇದರಲ್ಲಿ ಭಾರಿ ರಿಯಾಯಿತಿ. ಇದು ಫ್ರಾನ್ಸಿನ ಸೆಸ್ ತರಹವೇ, ಸ್ಟೇಟ್ ಏಡ್ ಎಂದು ಆಯೋಗ 2014ರಲ್ಲಿ ಹೇಳಿತು. ಹಸಿರು ಬೆಂಬಲಕ್ಕೆ ಒಪ್ಪಿಗೆ ಕೊಟ್ಟಿತು, ಕಾರ್ಖಾನೆಗಳಿಗೆ ಸಿಕ್ಕ ರಿಯಾಯಿತಿಯಲ್ಲಿ ಸ್ವಲ್ಪ ಭಾಗ ವಾಪಸ್ ತರಿಸಿ ಎಂದಿತು. ಜರ್ಮನಿ ಯುರೋಪಿಯನ್ ಕೋರ್ಟಿಗೆ ಹೋಯಿತು, 2016ರಲ್ಲಿ ಕೆಳಗಿನ ಹಂತದಲ್ಲಿ ಸೋತಿತು, 2019ರ ಮಾರ್ಚ್‌ನಲ್ಲಿ ಮೇಲಿನ ಹಂತದಲ್ಲಿ ಗೆದ್ದಿತು. ಆ ಹಣ ಖಾಸಗಿ ಗ್ರಿಡ್ ಕಂಪನಿಗಳ ಪ್ರತ್ಯೇಕ ಖಾತೆಯಲ್ಲೇ ಇರುತ್ತದೆ, ಸರ್ಕಾರ ಅದನ್ನು ಬೇರೆ ಕೆಲಸಕ್ಕೆ ಎತ್ತಿಕೊಳ್ಳುವಂತಿಲ್ಲ, ಆದ್ದರಿಂದ ಸರ್ಕಾರದ ಹಣ ಅಲ್ಲ ಎಂದಿತು ಕೋರ್ಟ್.

ಬರ್ಲಿನ್ ಗೆದ್ದಿತು, ಆದರೆ ಆ ಗೆಲುವು ಬಹಳ ದಿನ ಬಾಳಲಿಲ್ಲ. ವಿದ್ಯುತ್ ಬಿಲ್ ಗಗನಕ್ಕೇರಿದಾಗ 2022ರ ಜುಲೈ 1ರಿಂದ ಸರ್ಕಾರವೇ ಸರ್ಚಾರ್ಜ್ ಅನ್ನು ಸೊನ್ನೆಗೆ ಇಳಿಸಿತು. ಈಗ ದುಡ್ಡು ಬರುವುದು ಕೇಂದ್ರ ಸರ್ಕಾರದ ಬೊಕ್ಕಸದಿಂದ. ಇನ್ನು ವಾದವೇ ಬೇಕಿಲ್ಲ, ಅದು ಸರ್ಕಾರಿ ಹಣ. ಗ್ರಾಹಕರಿಗೆ ನಿರಾಳ ಆಯಿತು, ಜತೆಗೇ ಇಡೀ ಯೋಜನೆ ಬ್ರಸೆಲ್ಸ್ ಕೈಗೆ ಹೋಯಿತು. 2022ರ ಡಿಸೆಂಬರ್ 21ರಂದು ಆಯೋಗ 2,800 ಕೋಟಿ ಯೂರೊ ಅಂದಾಜಿನ ಹೊಸ ಇ.ಇ.ಜಿ.ಗೆ ಒಪ್ಪಿಗೆ ಕೊಟ್ಟಿತು. ಅದರ ಅವಧಿ 2026ರ ಕೊನೆಯ ತನಕ. ನಿಮ್ಮ ಚಾವಣಿಯ ಘಟಕ ಈ ಒಪ್ಪಿಗೆಯ ನೆರಳಿನಲ್ಲಿ ಬಂದಿದ್ದರೆ, ಕಾನೂನು ಹೇಳಿದ 20 ವರ್ಷದ ದರ ನಿಮಗೆ ಭದ್ರ. ಅವಧಿ ಮುಗಿಯುವುದು ಹೊಸಬರಿಗೆ, ಒಳಗೆ ಸೇರಿದವರಿಗಲ್ಲ.

ಬ್ರಸೆಲ್ಸ್‌ಗೆ ಕಾಯುವುದು ಎಂದರೆ ಹೇಗಿರುತ್ತದೆ ಎಂಬುದಕ್ಕೆ 2024ರ ಮೇನಲ್ಲಿ ಜಾರಿಗೆ ಬಂದ ಸೋಲಾರ್ ಪ್ಯಾಕೇಜ್ ಕಾನೂನು ನೋಡಿ. 40 ಕಿಲೋವ್ಯಾಟ್‌ಗಿಂತ ದೊಡ್ಡ ಚಾವಣಿ ಘಟಕಗಳಿಗೆ ಯೂನಿಟ್‌ಗೆ ಒಂದೂವರೆ ಸೆಂಟ್ ಜಾಸ್ತಿ ಕೊಡುತ್ತೇವೆ ಎಂದು ಅದರಲ್ಲಿ ಬರೆದರು. ಪಕ್ಕದಲ್ಲೇ, ಆಯೋಗದ ಒಪ್ಪಿಗೆ ಬಂದ ಮೇಲಷ್ಟೇ ಇದು ಅನ್ವಯ ಎಂದೂ ಬರೆದರು. ಸಂಸತ್ತು ಪಾಸು ಮಾಡಿದ ಮಾತ್ರಕ್ಕೆ ದುಡ್ಡು ಬರುವುದಿಲ್ಲ ಎಂಬುದು ಗೊತ್ತಿಲ್ಲದೆ ಅದನ್ನು ಲೆಕ್ಕಕ್ಕೆ ಹಿಡಿದರೆ ಸಾಲದ ಕಂತು ತಪ್ಪುತ್ತದೆ, ಅಲ್ವಾ?

ಒಪ್ಪಿಗೆ ಕೊಡುವಾಗ ಆಯೋಗ ಸುಮ್ಮನೆ ಮುದ್ರೆ ಒತ್ತುವುದಿಲ್ಲ. ತನ್ನದೇ ಷರತ್ತು ಹಾಕುತ್ತದೆ. ನನ್ನ ಪ್ರಕಾರ ಯುರೋಪಿನ ಹಸಿರು ಸಬ್ಸಿಡಿಯ ರೂಪ ಬದಲಾಗಿದ್ದು ಯಾವ ಸಂಸತ್ತಿನಿಂದಲೂ ಅಲ್ಲ, ಆಯೋಗದ ಮಾರ್ಗಸೂಚಿಗಳಿಂದ. 2014ರ ಮಾರ್ಗಸೂಚಿ ಬರುವ ತನಕ ಸರ್ಕಾರ ದರ ಗೊತ್ತು ಮಾಡುತ್ತಿತ್ತು, ಬಂದವರಿಗೆಲ್ಲ ಅದೇ ದರ. ಮಾರ್ಗಸೂಚಿ ಹೇಳಿತು: 2016ರಿಂದ ವಿದ್ಯುತ್ತನ್ನು ಮಾರುಕಟ್ಟೆಯಲ್ಲೇ ಮಾರಿ, ಮೇಲಿನ ವ್ಯತ್ಯಾಸ ಮಾತ್ರ ಸರ್ಕಾರ ಕೊಡಲಿ. 2017ರಿಂದ ಟೆಂಡರ್ ಕರೆಯಿರಿ, ಕಡಿಮೆ ಕೇಳಿದವರಿಗೆ ಕೊಡಿ. ಬೇಡಿಕೆಗಿಂತ ವಿದ್ಯುತ್ ಜಾಸ್ತಿಯಾಗಿ ಮಾರುಕಟ್ಟೆ ದರ ಸೊನ್ನೆಗಿಂತ ಕೆಳಗೆ ಹೋದಾಗ ಉತ್ಪಾದಿಸಲು ಆಸೆ ಹುಟ್ಟಿಸಬೇಡಿ. ಸಣ್ಣ ಘಟಕಗಳಿಗೆ ಮಾತ್ರ ಹಳೇ ಪದ್ಧತಿ ಇರಲಿ. ನಿಮ್ಮ ಚಾವಣಿಗೆ ಇನ್ನೂ ನಿಗದಿತ ದರ ಬರುತ್ತಿರುವುದು ಈ ವಿನಾಯಿತಿಯ ಕೃಪೆ.

ಜರ್ಮನಿಯ ಮೊದಲ ಸೋಲಾರ್ ಟೆಂಡರ್ 2015ರ ಏಪ್ರಿಲ್‌ನಲ್ಲಿ ನಡೆಯಿತು, ಸರಾಸರಿ ದರ ಯೂನಿಟ್‌ಗೆ 9.17 ಸೆಂಟ್. 2018ರ ಫೆಬ್ರವರಿಯಲ್ಲಿ 4.33 ಸೆಂಟ್. ಇದೆಲ್ಲ ಟೆಂಡರ್ ಮಹಿಮೆ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಆ ವರ್ಷಗಳಲ್ಲಿ ಪ್ಯಾನಲ್ ಬೆಲೆಯೇ ಬಿದ್ದಿತ್ತು. ಆದರೆ ಸರ್ಕಾರಿ ಅಧಿಕಾರಿ ಕೂತು ದರ ಊಹಿಸುವುದಕ್ಕಿಂತ ಇದು ವಾಸಿ. 2017ರ ಏಪ್ರಿಲ್‌ನಲ್ಲಿ ಕಡಲ ಗಾಳಿಯಂತ್ರದ ಟೆಂಡರ್‌ನಲ್ಲಿ ಕೆಲವು ಕಂಪನಿಗಳು ‘ನಮಗೆ ಸಬ್ಸಿಡಿಯೇ ಬೇಡ, ಸೊನ್ನೆ’ ಎಂದು ಬಿಡ್ ಹಾಕಿದವು. ಯಾವ ಅಧಿಕಾರಿ ಆ ದರವನ್ನು ಊಹಿಸುತ್ತಿದ್ದ ಹೇಳಿ.

ಟೆಂಡರ್ ಇಲ್ಲದೆ, ಲೆಕ್ಕ ಸರಿ ಇಲ್ಲದೆ ದರ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡ್ (ನಾರ್ದರ್ನ್ ಐರ್ಲೆಂಡ್) ಉದಾಹರಣೆ. ಬ್ರಿಟನ್ ಆಗ ಒಕ್ಕೂಟದ ಒಳಗಿತ್ತು. 2012ರಲ್ಲಿ ಅಲ್ಲಿ ಕಟ್ಟಿಗೆಯ ಉಂಡೆ ಉರಿಸುವ ಬಾಯ್ಲರ್‌ಗಳಿಗೆ ಯೂನಿಟ್ ಶಾಖಕ್ಕೆ 5.9 ಪೆನ್ಸ್ ಗೊತ್ತು ಮಾಡಿದರು. ಇಂಧನದ ಖರ್ಚು ಅದಕ್ಕಿಂತ ಕಡಿಮೆ. ಇಷ್ಟು ಉರಿಸಿದ ಮೇಲೆ ದರ ಇಳಿಯುತ್ತದೆ ಎಂಬ ಮಿತಿ ಬ್ರಿಟನ್ನಿನ ಬೇರೆ ಕಡೆ ಇತ್ತು, ಇಲ್ಲಿ ಇಡಲಿಲ್ಲ. ಹೆಚ್ಚು ಉರಿಸಿದಷ್ಟೂ ಲಾಭ. ಬೂದಿಯಿಂದ ಕಾಸು ಎಂದು ಪತ್ರಿಕೆಗಳು ಹೆಸರಿಟ್ಟವು. ಹಗರಣ ದೊಡ್ಡದಾಗಿ 2017ರ ಜನವರಿಯಲ್ಲಿ ಉಪ ಮುಖ್ಯಮಂತ್ರಿ ಮಾರ್ಟಿನ್ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟರು, ಸರ್ಕಾರವೇ ಬಿತ್ತು. ಈ ಯೋಜನೆಗೆ ಬ್ರಸೆಲ್ಸ್ ಒಪ್ಪಿಗೆ ಇತ್ತು ಎಂಬುದನ್ನು ಮರೆಯಬೇಡಿ. ಆದರೆ ಆ ಒಪ್ಪಿಗೆ ಇದ್ದದ್ದು ಹೂಡಿಕೆಗೆ ಸರಾಸರಿ ಶೇ 12ರ ಗಳಿಕೆ ಎಂಬ ಲೆಕ್ಕಕ್ಕೆ. ವಾಸ್ತವದ ಗಳಿಕೆ ಅದನ್ನು ಮೀರಿತ್ತು. 2019ರಲ್ಲಿ ದರವನ್ನು ಕತ್ತರಿಸಿದಾಗ ಅಧಿಕಾರಿಗಳು ಮುಂದಿಟ್ಟದ್ದು ಇದೇ 12ರ ಲೆಕ್ಕವನ್ನು. ಪ್ರಾಮಾಣಿಕವಾಗಿ ಬಾಯ್ಲರ್ ಹಾಕಿಸಿದ ರೈತರೂ ಅದರಲ್ಲಿ ಸೇರಿಹೋದರು. ಹೀಗಾಗಿ ಒಪ್ಪಿಗೆ ಇದೆಯಾ ಎಂದಷ್ಟೇ ಕೇಳಿದರೆ ಸಾಲದು. ಯಾವ ಲೆಕ್ಕಕ್ಕೆ ಒಪ್ಪಿಗೆ ಎಂದೂ ಕೇಳಬೇಕು.

ಸ್ಪೇನ್ ಕಥೆ ಇನ್ನೂ ಗೋಜಲು, ಚಿಕ್ಕದಾಗಿ ಹೇಳುತ್ತೇನೆ. 2007ರಲ್ಲಿ ಉದಾರ ದರ ಕೊಟ್ಟರು, ಬ್ರಸೆಲ್ಸ್‌ಗೆ ತಿಳಿಸಲಿಲ್ಲ. 2010ರಿಂದ 2013ರೊಳಗೆ ಹಂತ ಹಂತವಾಗಿ ಕಡಿತ ಮಾಡಿದರು. ಹಲವು ವಿದೇಶಿ ಹೂಡಿಕೆದಾರರು ಅಂತರರಾಷ್ಟ್ರೀಯ ಪಂಚಾಯ್ತಿಗೆ (ಆರ್ಬಿಟ್ರೇಷನ್) ಹೋಗಿ ಗೆದ್ದರು. ಆಂಟಿನ್ ಎಂಬ ಹೂಡಿಕೆದಾರರಿಗೆ 10.1 ಕೋಟಿ ಯೂರೊ ಪರಿಹಾರ ಆಯಿತು. 2025ರ ಮಾರ್ಚ್‌ನಲ್ಲಿ ಆಯೋಗ, ಆ ಪರಿಹಾರ ಕೊಟ್ಟರೆ ಅದೇ ಒಂದು ಅಕ್ರಮ ಸ್ಟೇಟ್ ಏಡ್, ಸ್ಪೇನ್ ಅದನ್ನು ಕೊಡುವಂತಿಲ್ಲ ಎಂದು ನಿರ್ಧರಿಸಿತು. ಗೆದ್ದೂ ಕೈಗೆ ಬಾರದ ದುಡ್ಡು.

ಈಗ ನಿಮ್ಮ ಸಂಘದ ಗಾಳಿಯಂತ್ರ. ಟೆಂಡರ್ ಬಂದಾಗ ಮೊದಲು ಪೆಟ್ಟು ಬಿದ್ದದ್ದು ನಿಮ್ಮಂಥ ಸಂಘಗಳಿಗೇ. ದೊಡ್ಡ ಕಂಪನಿ ಹತ್ತು ಬಿಡ್ ಹಾಕಿ ಎಂಟು ಸೋತರೂ ತಡೆದುಕೊಳ್ಳುತ್ತದೆ. ಊರಿನ ಸಂಘಕ್ಕೆ ಇರುವುದು ಒಂದೇ ಯೋಜನೆ, ಸೋತರೆ ಸರ್ವೆ, ಅನುಮತಿ, ವಕೀಲರಿಗೆ ಖರ್ಚು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಜರ್ಮನಿ 2017ರಲ್ಲಿ ನಾಗರಿಕ ಸಂಘಗಳಿಗೆ ಟೆಂಡರ್‌ನಲ್ಲಿ ರಿಯಾಯಿತಿ ಕೊಟ್ಟಿತು. ಫಲಿತಾಂಶ ನೋಡಿದರೆ ಆ ವರ್ಷದ ಮೊದಲ ಸುತ್ತಿನಲ್ಲಿ ಶೇ 90ಕ್ಕೂ ಹೆಚ್ಚು ‘ನಾಗರಿಕ ಸಂಘ’ಗಳೇ ಗೆದ್ದಿದ್ದವು. ಬಹಳಷ್ಟರ ಹಿಂದೆ ಇದ್ದವರು ದೊಡ್ಡ ಡೆವಲಪರ್‌ಗಳು. ರಂಗೋಲಿ ಕೆಳಗೆ ತೂರುವವರು ನಮ್ಮಲ್ಲಷ್ಟೇ ಇಲ್ಲ.

2022ರ ಜನವರಿಯಿಂದ ಜಾರಿಗೆ ಬಂದ ಹೊಸ ಮಾರ್ಗಸೂಚಿ ಪರವಾಗಿಲ್ಲ. ಇಂಥ ಸಂಘಗಳ 18 ಮೆಗಾವ್ಯಾಟ್ ತನಕದ ಗಾಳಿ ಯೋಜನೆಗೆ ಟೆಂಡರ್ ಬೇಡ ಎನ್ನಲು ಸರ್ಕಾರಗಳಿಗೆ ಅವಕಾಶ ಕೊಟ್ಟಿತು, ಜರ್ಮನಿ ಅದನ್ನು ಬಳಸಿಕೊಂಡಿದೆ. ಆದರೆ ಷರತ್ತು ಬಿಗಿ. ಕನಿಷ್ಠ 50 ಜನ ಸಾಮಾನ್ಯ ಸದಸ್ಯರು ಇರಬೇಕು, ಮುಕ್ಕಾಲು ಪಾಲು ಮತ ಆ ಸೀಮೆಯಲ್ಲಿ ವಾಸಿಸುವವರ ಕೈಯಲ್ಲಿರಬೇಕು. ಈ ಅರ್ಹತೆ ಕಾಗದದ ಮೇಲಷ್ಟೇ ಇದ್ದು ಮುಂದೆ ತಪ್ಪಿದರೆ, ಬೆಂಬಲವೂ ತಪ್ಪಬಹುದು. ಸದಸ್ಯರ ಪಟ್ಟಿ ಮತ್ತು ಮತದ ಹಂಚಿಕೆ ತೋರಿಸಿ ಎಂದು ಕೇಳಿ. ಇದು ಮೊದಲನೇ ಕಾಗದ.

ಎರಡನೆಯದು ಆಯೋಗದ ಒಪ್ಪಿಗೆ. ಪ್ರತಿ ಯೋಜನೆಗೂ ‘ಎಸ್.ಎ.’ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ, ಅದನ್ನು ಆಯೋಗದ ವೆಬ್‌ಸೈಟಿನಲ್ಲಿ ಹುಡುಕಬಹುದು. ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಗಾಳಿ ಯೋಜನೆಗೆ ಅನುಮತಿ ಸಿಗಲು ವರ್ಷಗಟ್ಟಲೆ ಬೇಕು. ನಿಮ್ಮದು 2026 ದಾಟಿದ ಮೇಲೆ ಬರುವುದಾದರೆ ಈಗಿನ ದರವನ್ನು ನಂಬಿ ಲೆಕ್ಕ ಹಾಕಬೇಡಿ. ಹೊಸ ಒಪ್ಪಿಗೆ ಹೊಸ ಷರತ್ತಿನೊಂದಿಗೆ ಬರುತ್ತದೆ.

ಮೂರನೆಯದು, ಬೇರೆ ಎಲ್ಲೆಲ್ಲಿಂದ ನೆರವು ಬಂದಿದೆ ಎಂಬ ಪಟ್ಟಿ. ಸಂಘಗಳ ಗಾಳಿ ಯೋಜನೆಗೆ ಆರಂಭದ ಖರ್ಚಿನ ಶೇ 70ರಷ್ಟು, ಗರಿಷ್ಠ 2 ಲಕ್ಷ ಯೂರೊ ತನಕ ಕೊಡುವ ಕೇಂದ್ರದ ಯೋಜನೆಯೊಂದು 2023ರಲ್ಲಿ ಶುರುವಾಯಿತು. ಆ 2 ಲಕ್ಷ ಎಲ್ಲಿಂದ ಬಂತು ಗೊತ್ತಾ? ಬ್ರಸೆಲ್ಸ್‌ಗೆ ತಿಳಿಸದೆ ಒಂದು ಉದ್ಯಮಕ್ಕೆ ಮೂರು ವರ್ಷದಲ್ಲಿ ಕೊಡಬಹುದಾದ ಚಿಲ್ಲರೆ ನೆರವಿನ ಮಿತಿ ಆಗ ಅಷ್ಟೇ ಇತ್ತು. 2024ರಿಂದ ಮಿತಿ 3 ಲಕ್ಷ. ರಾಜ್ಯ ಸರ್ಕಾರದ್ದು, ನಗರಸಭೆಯದ್ದು, ಕೇಂದ್ರದ್ದು ಎಲ್ಲ ಕೂಡಿಸಿ ಮಿತಿ ದಾಟಿದರೆ ತೊಂದರೆ.

ಭಾರತದ ವಿಷಯ. ಇಲ್ಲ, ನಮ್ಮಲ್ಲಿ ಇಂಥ ನಿಯಮ ಇಲ್ಲ. ಕರ್ನಾಟಕ ಸೋಲಾರ್‌ಗೆ ಎಷ್ಟು ಸಬ್ಸಿಡಿ ಕೊಟ್ಟರೂ ಪಕ್ಕದ ತಮಿಳುನಾಡಿನ ಪೈಪೋಟಿ ಕೆಟ್ಟಿತು ಎಂದು ದೆಹಲಿಯಲ್ಲಿ ಯಾರೂ ಕಡತ ತೆರೆಯುವುದಿಲ್ಲ. 2024ರಲ್ಲಿ ಬಂದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಹಾಸನದ ನಿಮ್ಮ ಮನೆಯವರು 3 ಕಿಲೋವ್ಯಾಟ್ ಹಾಕಿಸಿ 78,000 ರೂಪಾಯಿ ಪಡೆದರೆ ಅದು ಅಲ್ಲಿಗೆ ಮುಗಿಯಿತು. ನಮಗೆ ಹೊರಗಿನಿಂದ ಬಿದ್ದ ಪೆಟ್ಟು ಬೇರೆ ದಿಕ್ಕಿನದು. ರಾಷ್ಟ್ರೀಯ ಸೋಲಾರ್ ಮಿಷನ್‌ನಲ್ಲಿ ಭಾರತದಲ್ಲೇ ತಯಾರಾದ ಸೆಲ್ ಬಳಸಬೇಕು ಎಂಬ ಷರತ್ತಿನ ವಿರುದ್ಧ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, 2016ರಲ್ಲಿ ನಾವು ಸೋತೆವು. ಅಲ್ಲಿ ತಪ್ಪಾಗಿದ್ದು ವಿದೇಶಿ ಮಾಲಿಗೆ ಮಾಡಿದ ಭೇದ.

ಹಾಗೆಂದು ಇಲ್ಲಿನವರು ನಿಶ್ಚಿಂತೆ ಎಂದಲ್ಲ. ಕರ್ನಾಟಕದಲ್ಲಿ 1ರಿಂದ 3 ಮೆಗಾವ್ಯಾಟ್‌ನ ರೈತ ಸೋಲಾರ್ ಘಟಕಗಳಿಗೆ ಯೂನಿಟ್‌ಗೆ 8.40 ರೂಪಾಯಿಯ ಒಪ್ಪಂದ ಆಗಿತ್ತು. ಘಟಕ ತಡವಾಯಿತು ಎಂದು ಕೆ.ಇ.ಆರ್.ಸಿ. (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಹಲವರ ದರ ಇಳಿಸಿತು, ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. ನಮ್ಮಲ್ಲಿ ಅಪಾಯ ಇರುವುದು ಒಪ್ಪಂದದ ತಾರೀಖಿನಲ್ಲಿ, ನಿಮ್ಮಲ್ಲಿ ಒಪ್ಪಿಗೆಯ ತಾರೀಖಿನಲ್ಲಿ.

ಮೂರೂ ಕಾಗದ ಸರಿ ಇದ್ದು, ಸಾಲ ಕೊಡುವ ಬ್ಯಾಂಕ್ ಕೂಡ ಅವನ್ನು ನೋಡಿದ್ದರೆ ಷೇರು ಹಾಕುವುದರಲ್ಲಿ ಸ್ಟೇಟ್ ಏಡ್ ಕಾರಣಕ್ಕೆ ಹೆದರಬೇಕಾದ್ದು ಏನೂ ಇಲ್ಲ. ಗಾಳಿ ಸರಿಯಾಗಿ ಬೀಸುತ್ತದಾ ಎಂಬ ವರದಿಯನ್ನು ಮಾತ್ರ ಬೇರೆ ತಜ್ಞರಿಗೆ ತೋರಿಸಿ.